ಹದಿನೆಂಟು ತುಂಬಿದ ಮೇಲೆ ಯಾವ ಬಾಗಿಲು?

ನಿಮ್ಮ ಮಗಳಿಗೆ ಎಂಟನೇ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತೆಂದು ಭಾವಿಸಿ. ಅಂದಿನಿಂದ ಶಿಡ್ಲಘಟ್ಟದಿಂದ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿದ್ದೀರಿ. ಇನ್ಸುಲಿನ್ ಚುಚ್ಚುವವರು ನೀವೇ, ವೈದ್ಯರ ಪ್ರಶ್ನೆಗೆ ಉತ್ತರಿಸುವವರೂ ನೀವೇ. ಅಲ್ಲಿನ ನರ್ಸಿಗೆ ಆಕೆಯ ಹೆಸರು, ತರಗತಿ, ಹಟ ಎಲ್ಲವೂ ಗೊತ್ತು. ಒಂದು ದಿನ "ಇನ್ನು ದೊಡ್ಡವರ ವಿಭಾಗಕ್ಕೆ ತೋರಿಸಿ" ಎಂದು ಚೀಟಿ ಬರೆದುಕೊಡುತ್ತಾರೆ. ಹೊಸ ಜಾಗದಲ್ಲಿ ಅರವತ್ತು ದಾಟಿದವರ ಸಾಲು. ವೈದ್ಯರು ನೇರವಾಗಿ ಹುಡುಗಿಯನ್ನೇ ಕೇಳುತ್ತಾರೆ: "ದಿನಕ್ಕೆ ಎಷ್ಟು ಯೂನಿಟ್?" ಆಕೆ ನಿಮ್ಮ ಮುಖ ನೋಡುತ್ತಾಳೆ.

ಮುಂದಿನ ಸಲ ಆಕೆ ಹೋಗಲು ಒಪ್ಪುವುದಿಲ್ಲ. ದೀರ್ಘಕಾಲದ ಕಾಯಿಲೆಯ ಮಕ್ಕಳು ಚಿಕಿತ್ಸೆಯಿಂದ ಕೈತಪ್ಪಿ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಇನ್ಸುಲಿನ್ ಪಡೆದ ಮೊದಲ ರೋಗಿ ಕೆನಡಾದ ಟೊರೊಂಟೊದ 14 ವರ್ಷದ ಬಾಲಕ, 1922ರ ಜನವರಿಯಲ್ಲಿ. ಅದಕ್ಕೆ ಮೊದಲು ಇಂಥ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ. ಈಗ ಆಗುತ್ತಿದ್ದಾರೆ. ಹೃದಯದ ರಂಧ್ರ ಮುಚ್ಚಿಸಿಕೊಂಡವರು, ಥಲಸ್ಸೇಮಿಯಾಕ್ಕೆ ರಕ್ತ ಹಾಕಿಸಿಕೊಳ್ಳುವವರು ಕೂಡ ಬೆಳೆದು ಕಾಲೇಜು, ಕೆಲಸ, ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ.

ಬ್ರಿಟನ್ನಿನಲ್ಲಿ ಈ ದಾಟುವಿಕೆಗೆಂದೇ ತರಬೇತಿ ಪಡೆದ ನರ್ಸ್‌ಗಳಿದ್ದಾರೆ. ಅಲ್ಲಿನ ರಾಷ್ಟ್ರೀಯ ಸಂಸ್ಥೆಯೊಂದು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಿದ್ಧತೆ 13-14ನೇ ವಯಸ್ಸಿನಲ್ಲೇ ಆರಂಭವಾಗಬೇಕು. ಪ್ರತಿ ಮಗುವಿಗೂ ಹೆಸರು ಹೇಳಿ ಕರೆಯಬಹುದಾದ ಒಬ್ಬ ಹೊಣೆಗಾರರಿರಬೇಕು. ಹೊಸ ವೈದ್ಯರ ಪರಿಚಯ ಮೊದಲೇ ಆಗಬೇಕು. ಅಂಥ ನರ್ಸ್ ಹೊಸ ಔಷಧವನ್ನೇನೂ ಕೊಡುವುದಿಲ್ಲ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮಗುವಿನ ಬಾಯಿಂದಲೇ ಮಾತು ಹೊರಡಿಸುತ್ತಾಳೆ. ನಮ್ಮ ತಾಯಂದಿರಿಗೆ ಅತ್ಯಂತ ಕಷ್ಟವಾಗುವುದೂ ಇದೇ, ಅಲ್ಲವೇ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಆಸ್ಪತ್ರೆಗಳಲ್ಲಿ ಇಂಥ ಹುದ್ದೆಯನ್ನು ಹುಡುಕಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ; ಅದರ ಲೆಕ್ಕ 18ಕ್ಕೆ ಮುಗಿಯುತ್ತದೆ. ಸಕ್ಕರೆ, ರಕ್ತದೊತ್ತಡದ ಸರಕಾರಿ ತಪಾಸಣೆ ಶುರುವಾಗುವುದು 30ಕ್ಕೆ. ನಡುವಿನ 12 ವರ್ಷ ಯಾರೂ ಹುಡುಕಿಕೊಂಡು ಬರುವುದಿಲ್ಲ. ನೀವೇ ಹೋಗಬೇಕು. ತಾಲೂಕು ಆಸ್ಪತ್ರೆಯ ಎನ್.ಸಿ.ಡಿ. ಚಿಕಿತ್ಸಾಲಯದಲ್ಲಿ ಕೇಳಿ, ಅಲ್ಲಿನ ನರ್ಸ್ ಒಬ್ಬರ ಪರಿಚಯ ಮಾಡಿಕೊಳ್ಳಿ. ಮಕ್ಕಳ ಆಸ್ಪತ್ರೆ ಬಿಡುವ ಮುನ್ನ ಕಾಯಿಲೆಯ ಹೆಸರು, ಔಷಧದ ಪ್ರಮಾಣ, ಆದ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷದ ಕಡತವನ್ನು ಹೊಸ ವೈದ್ಯರು ತಿರುವಿ ನೋಡಲಾರರು.

ದೊಡ್ಡವರ ಸಾಲಿನಲ್ಲಿ ಒಂದು ಅಪಾಯವಿದೆ. ಪಕ್ಕದಲ್ಲಿ ಕುಳಿತವರು "ನಾನು ಮಾತ್ರೆಯಲ್ಲೇ ಇದ್ದೇನೆ, ನಿನಗೇಕಮ್ಮ ಸೂಜಿ?" ಎನ್ನುತ್ತಾರೆ. ಬಾಲ್ಯದಲ್ಲಿ ಬರುವ ಒಂದನೇ ವಿಧದ ಮಧುಮೇಹದಲ್ಲಿ ಶರೀರ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಸೂಜಿ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಜ್ವರ ಬಂದು ಊಟ ಸೇರದಿದ್ದರೂ ಪೂರ್ತಿ ನಿಲ್ಲಿಸುವಂತಿಲ್ಲ.

ಹುಡುಗರ ಸಮಸ್ಯೆ ಬೇರೆ. ರೇಷ್ಮೆ ರೀಲಿಂಗ್ ಘಟಕದ ಬಿಸಿಯಲ್ಲಿ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕೆಲಸಕ್ಕೆ ಸೇರಿದವನಿಗೆ ಊಟದ ಹೊತ್ತು ನೆಟ್ಟಗಿರುವುದಿಲ್ಲ. ಬೆವರು, ನಡುಕ ಬಂದರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ತಿನ್ನಬೇಕೆಂದು ಅವನಿಗಷ್ಟೇ ಅಲ್ಲ, ಜೊತೆಗಾರನಿಗೂ ತಿಳಿದಿರಬೇಕು. ಫ್ರಿಜ್ ಇಲ್ಲದ ಕಡೆ ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಕೆ ಸಾಕು. ಇನ್ಸುಲಿನ್ ಸೀಸೆಗೆ ನೀರು ತಾಗಬಾರದು.

ಇನ್ನು ರಮಝಾನ್. ಗೆಳತಿಯರೆಲ್ಲ ಉಪವಾಸವಿರುವಾಗ ತಾನೊಬ್ಬಳೇ ತಿನ್ನಲು ನಾಚಿ, ಸದ್ದಿಲ್ಲದೆ ಸೂಜಿ ಬಿಟ್ಟುಬಿಡುವ ಹುಡುಗಿಯರ ಬಗ್ಗೆ ಎಚ್ಚರವಿರಲಿ. ರೋಗಿಗಳಿಗೆ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲೇ ರಿಯಾಯಿತಿ ಇದೆ. ಒಂದನೇ ವಿಧದ ಮಧುಮೇಹಿಗಳಿಗೆ ಉಪವಾಸ ಹೆಚ್ಚಿನ ಅಪಾಯದ್ದೆಂದು ವೈದ್ಯರು ಹೇಳುತ್ತಾರೆ. ಈ ಮಾತು ರಮಝಾನಿಗೆ ಒಂದೆರಡು ತಿಂಗಳು ಮೊದಲೇ ಆಸ್ಪತ್ರೆಯಲ್ಲಿ ಆಗಬೇಕು, ಸಹರಿಯ ಹೊತ್ತಿಗಲ್ಲ.

ಸಂಬಂಧ ಬಂದಾಗ ಕಾಯಿಲೆ ಮುಚ್ಚಿಡಬೇಡಿ. ಅತ್ತೆಯ ಮನೆಯಲ್ಲಿ ಕದ್ದು ಚುಚ್ಚಿಕೊಳ್ಳಬೇಕಾದವಳು ಒಂದು ದಿನ ಚುಚ್ಚಿಕೊಳ್ಳುವುದನ್ನೇ ಬಿಡುತ್ತಾಳೆ. ಸಕ್ಕರೆ ಹತೋಟಿಯಲ್ಲಿದ್ದರೆ ಆಕೆ ತಾಯಿಯಾಗಬಲ್ಲಳು. ಅದಕ್ಕೆ ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಾಣಬೇಕು. ಇದನ್ನು ಆಕೆ ನಿಮ್ಮೆದುರು ಕೇಳಲಾರಳು. ಮುಂದಿನ ಸಲ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಿ.