ಬಚ್ಚಲ ಜಾಲರಿಯ ಕೆಳಗೆ

ದೀಪಾವಳಿಯ ಅಭ್ಯಂಗಸ್ನಾನ ಮುಗಿಯುವಷ್ಟರಲ್ಲಿ ಬಚ್ಚಲಲ್ಲಿ ನೀರು ಹಿಮ್ಮಡಿ ಮುಳುಗುವಷ್ಟು ನಿಲ್ಲುವುದು ನಮ್ಮ ಅನೇಕ ಮನೆಗಳ ಅನುಭವ. ನಾವು ಕೊಳವೆಯನ್ನು ದೂರುತ್ತೇವೆ. ತಡೆಯಿರುವುದು ಬಹುಮಟ್ಟಿಗೆ ಅದರ ಬಾಯಲ್ಲಿಯೇ. ಸೊಲ್ಲಾಪುರ, ಜತ್ತಗಳಂತಹ ಬಯಲುಸೀಮೆಯ ಬಾವಿನೀರು ಸಾಮಾನ್ಯವಾಗಿ ಗಡಸು. ಅದರ ಸುಣ್ಣಾಂಶವು ಸಾಬೂನಿನೊಡನೆ ಕೂಡಿ ಕರಗದ ಗಷ್ಟಾಗುತ್ತದೆ. ಉದುರಿದ ಕೂದಲು ಆ ಗಷ್ಟನ್ನು ಹಿಡಿದಿಡುತ್ತದೆ.

ಜಾಲರಿ ಕಚ್ಚಿಕೊಂಡಿದ್ದರೆ ಉಳಿ-ಸುತ್ತಿಗೆಗೆ ಕೈಹಾಕುವ ಮೊದಲು ಅಂಚಿಗೆ ತುಸು ವಿನಿಗರ್ ಸುರಿದು ಅರ್ಧ ತಾಸು ಕಾಯೋಣ. ಹುಳಿಗೆ ಸುಣ್ಣ ಸಡಿಲುತ್ತದೆ. ತಿರುಪಿದ್ದರೆ ಎಡಕ್ಕೆ ತಿರುಗಿಸಿ ಜಾಲರಿಯನ್ನು ಎತ್ತಬೇಕು. ಕೊಕ್ಕೆಯಂತೆ ಬಾಗಿಸಿದ ತಂತಿಯಿಂದ ಕೂದಲನ್ನು ಮೇಲಕ್ಕೆಳೆಯಬೇಕೇ ಹೊರತು ಕೆಳಕ್ಕೆ ನೂಕಬಾರದು. ಒಳಗಿನ ಬಟ್ಟಲನ್ನು ತೊಳೆದು ಮರಳಿ ಇಡುವುದನ್ನು ಮರೆಯಬಾರದು. ಅಲ್ಲಿ ನಿಲ್ಲುವ ನೀರೇ ಚರಂಡಿಯ ದುರ್ನಾತವನ್ನು ತಡೆಯುವ ಕದ.

ಒಂದು ಮಾತನ್ನು ಮಾತ್ರ ಮನೆಮಂದಿಯೆಲ್ಲ ನೆನಪಿಡಬೇಕು. ಆತುರಕ್ಕೆ ಬಿದ್ದು ಬ್ಲೀಚಿಂಗ್ ಪುಡಿಯನ್ನು ಆಸಿಡ್‌ನೊಡನಾಗಲಿ ವಿನಿಗರ್‌ನೊಡನಾಗಲಿ ಎಂದಿಗೂ ಬೆರೆಸಕೂಡದು. ಆಗ ಹೊಮ್ಮುವ ಕ್ಲೋರಿನ್ ಅನಿಲವು ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಎರವಾದೀತು. ಹಿಡಿಗೂದಲನ್ನು ತೆಗೆಯಲು ತಂತಿಯೂ ತಾಳ್ಮೆಯೂ ಸಾಕು. ವಿಷದ ಸೀಸೆ ಬೇಕಿಲ್ಲ.