ನಿಂಬೆ ಉಪ್ಪು, ಐ.ಎನ್.ಎಸ್. 330 ಮತ್ತು ನಮ್ಮ ಖರೀದಿ ಬಿಲ್ಲು

ಕಳೆದ ವರ್ಷ ಲೆಕ್ಕಪರಿಶೋಧನೆಯ ಸಮಯದಲ್ಲಿ ನನ್ನ ಕಕ್ಷಿದಾರರೊಬ್ಬರು ನೋಟೀಸೊಂದನ್ನು ಮೇಜಿನ ಮೇಲಿಟ್ಟರು. ಅವರದು ಷರಬತ್ತು ಮತ್ತು ಪುಳಿಯೋಗರೆ ಗೊಜ್ಜು ತಯಾರಿಸುವ, ಹತ್ತು ಮಂದಿ ಕೆಲಸಗಾರರ ಚಿಕ್ಕ ಘಟಕ. ಅವರ ಷರಬತ್ತಿನಲ್ಲಿ ಸಿಟ್ರಿಕ್ ಆಮ್ಲ ಇದೆ, ಲೇಬಲ್ಲಿನಲ್ಲಿ ಅದರ ಉಲ್ಲೇಖವಿಲ್ಲ ಎಂಬುದು ಆಹಾರ ವಿಶ್ಲೇಷಕರ ವರದಿಯ ಸಾರ. “ನಾವು ವಿಷ ಬೆರೆಸಿದ್ದೇವೆ ಅಂತಿದ್ದಾರೆ ಸ್ವಾಮಿ” ಎಂದು ಅವರು ಕಂಗಾಲಾಗಿದ್ದರು. ವರದಿಯಲ್ಲಿ ವಿಷದ ಮಾತೇ ಇರಲಿಲ್ಲ. ಇದ್ದದ್ದು ‘ಮಿಸ್‌ಬ್ರಾಂಡೆಡ್’ ಎಂಬ ಪದ, ಅಂದರೆ ಲೇಬಲ್ ದೋಷ. ಪದಾರ್ಥದ ಸುರಕ್ಷತೆ ಬೇರೆ, ಅದರ ಕಾಗದಪತ್ರದ ಶುದ್ಧತೆ ಬೇರೆ. ನಮ್ಮ ಅನೇಕ ಸದಸ್ಯರು ಈ ಎರಡನ್ನೂ ಒಂದೆಂದೇ ಭಾವಿಸಿರುವುದರಿಂದ ಈ ಲೇಖನ.

ಮೊದಲು ಪದಾರ್ಥದ ವಿಚಾರ. ಅಂಗಡಿಗಳಲ್ಲಿ ನಾವು ನಿಂಬೆ ಉಪ್ಪು ಎಂದು ಕೇಳಿ ಪಡೆಯುವ ಹರಳುಗಳಲ್ಲಿ ಇಂದು ನಿಂಬೆಯ ಅಂಶವೇನೂ ಇರುವುದಿಲ್ಲ. 1784ರಲ್ಲಿ ಶೀಲೆ ಎಂಬ ವಿಜ್ಞಾನಿ ನಿಂಬೆರಸದಿಂದ ಇದನ್ನು ಬೇರ್ಪಡಿಸಿದ್ದು ನಿಜ. ಆದರೆ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟು ಸಕ್ಕರೆಯನ್ನು ಈ ಆಮ್ಲವಾಗಿ ಪರಿವರ್ತಿಸಬಲ್ಲುದೆಂದು 1917ರಲ್ಲಿ ಜೇಮ್ಸ್ ಕರಿ ತೋರಿಸಿಕೊಟ್ಟ ಮೇಲೆ ಉದ್ಯಮದ ದಿಕ್ಕೇ ಬದಲಾಯಿತು. ಈಗಿನ ಉತ್ಪಾದನೆ ಬಹುತೇಕ ಆ ಬಗೆಯದೇ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಇದರ ದೈನಂದಿನ ಸೇವನೆಗೆ ಅಂಕಿಯಲ್ಲಿ ಮಿತಿಯನ್ನು ಗೊತ್ತುಪಡಿಸಿಲ್ಲ. ಅಮೆರಿಕದಲ್ಲಿಯೂ ಇದು ಸುರಕ್ಷಿತವೆಂದು ಸಾಮಾನ್ಯವಾಗಿ ಮಾನ್ಯವಾದ ಪದಾರ್ಥಗಳ ಸಾಲಿನಲ್ಲಿದೆ. ನಮ್ಮ ದೇಹವೇ ಪ್ರತಿಕ್ಷಣ ಇದನ್ನು ತಯಾರಿಸಿ ಬಳಸುತ್ತದೆ. ಹಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಶಕ್ತಿಚಕ್ರದ ಹೆಸರೇ ಸಿಟ್ರಿಕ್ ಆಮ್ಲ ಚಕ್ರ.

ವಿಚಿತ್ರವೆಂದರೆ, ಅಪಕೀರ್ತಿಗೂ ಅದೇ ಹೆಸರು ಕಾರಣವಾಗಿರಬಹುದು. 1976ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸುಳ್ಳು ಕರಪತ್ರವೊಂದು ಇ330 ಅನ್ನು ಕ್ಯಾನ್ಸರ್ ತರುವ ಅತಿ ಅಪಾಯಕಾರಿ ಪದಾರ್ಥವೆಂದು ಸಾರಿತು. ಪ್ಯಾರಿಸ್ ಸಮೀಪದ ವಿಲ್‌ಜುಯಿಫ್‌ನ ಆಸ್ಪತ್ರೆಯ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಆಸ್ಪತ್ರೆ ನಿರಾಕರಿಸಿದರೂ ಕರಪತ್ರ ವರ್ಷಗಟ್ಟಲೆ ಯುರೋಪನ್ನು ಸುತ್ತಿತು. ಜರ್ಮನ್ ಭಾಷೆಯಲ್ಲಿ ‘ಕ್ರೆಬ್ಸ್’ ಎಂದರೆ ಕ್ಯಾನ್ಸರ್. ಗೊಂದಲ ಅಲ್ಲಿಂದ ಹುಟ್ಟಿತೆಂಬ ಊಹೆಯುಂಟು. ಗಿರಾಕಿಯೊಬ್ಬರು ಮೊಬೈಲಿನಲ್ಲಿ ಇಂತಹ ಪಟ್ಟಿಯನ್ನು ತೋರಿಸಿ ಪ್ರಶ್ನಿಸಿದರೆ ವರ್ತಕರು ಧೈರ್ಯವಾಗಿ ಉತ್ತರಿಸಬಹುದು. ಹಾಗೆಂದು ಸಂಪೂರ್ಣ ನಿರಪಾಯಕಾರಿಯೆಂದು ಹೇಳಲಾಗದು. ಅತಿ ಹುಳಿಯ ಪಾನೀಯಗಳು ಹಲ್ಲಿನ ಎನಾಮೆಲ್ ಸವೆಸುತ್ತವೆ, ಚೀಲ ಬಿಚ್ಚುವಾಗ ಏಳುವ ಧೂಳು ಕಣ್ಣನ್ನು ಉರಿಸುತ್ತದೆ. ಕೆಲಸಗಾರರಿಗೆ ಕನ್ನಡಕ ಕೊಡುವುದು ದೊಡ್ಡ ಖರ್ಚೇನಲ್ಲ.

ಇನ್ನು ಕಾನೂನು. 1954ರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಬಂದು, ಅದರ ನಿಯಮ ವಿನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಸಿಟ್ರಿಕ್ ಆಮ್ಲಕ್ಕೆ ಅನುಮತಿಯಿರುವ ಬಹುತೇಕ ಆಹಾರಗಳಲ್ಲಿ ಪ್ರಮಾಣವನ್ನು ಅಂಕಿಯಲ್ಲಿ ಹೇಳದೆ ‘ಉತ್ತಮ ತಯಾರಿಕಾ ಪದ್ಧತಿ’ಗೆ ಬಿಡಲಾಗಿದೆ, ಅಂದರೆ, ಉದ್ದೇಶ ಸಾಧನೆಗೆ ಎಷ್ಟು ಅಗತ್ಯವೋ ಅಷ್ಟು ಮಾತ್ರ. ಮಿತಿಯಿಲ್ಲ ಎಂದರೆ ಎಲ್ಲೆಡೆ ಹಾಕಬಹುದು ಎಂದಲ್ಲ. ಹಾಲನ್ನು ಒಡೆಸಿ ಪನೀರ್ ಮಾಡಲು ಇದನ್ನು ಬಳಸಬಹುದು, ಜೇನುತುಪ್ಪಕ್ಕೆ ಬೆರೆಸುವಂತಿಲ್ಲ. ಲೇಬಲ್ಲಿನಲ್ಲಿ ಸಂಯೋಜಕದ ವರ್ಗವನ್ನೂ, ಅದರೊಡನೆ ಹೆಸರು ಅಥವಾ ಸಂಖ್ಯೆಯನ್ನೂ ನಮೂದಿಸಬೇಕು: ‘ಅಸಿಡಿಟಿ ರೆಗ್ಯುಲೇಟರ್ (ಐ.ಎನ್.ಎಸ್. 330)’. ನನ್ನ ಕಕ್ಷಿದಾರರ ಲೇಬಲ್ಲಿನಲ್ಲಿ ಇಲ್ಲದ್ದು ಈ ಒಂದು ಸಾಲು. ಕಾಯ್ದೆಯ 52ನೇ ಕಲಮಿನನ್ವಯ ಇದಕ್ಕೆ ರೂ. 3 ಲಕ್ಷದವರೆಗೆ ದಂಡ ವಿಧಿಸಬಹುದು. ಅವರಿಗೆ ವಿಧಿಸಿದ್ದು ಅದರಲ್ಲಿ ಚಿಕ್ಕ ಪಾಲು. ಆದರೆ ಎರಡು ವರ್ಷಕ್ಕಾಗುವಷ್ಟು ಒಟ್ಟಿಗೆ ಮುದ್ರಿಸಿಟ್ಟಿದ್ದ ಲೇಬಲ್ಲುಗಳು ರದ್ದಿಗೆ ಹೋದವು.

ಅವರ ಖರೀದಿ ಕಡತವನ್ನು ತಿರುವಿದಾಗ ನನಗೆ ಹೆಚ್ಚು ಆತಂಕವಾಯಿತು. ಬಿಲ್ಲಿನಲ್ಲಿ ಇದ್ದದ್ದು ‘ಸಿಟ್ರಿಕ್ ಆಸಿಡ್, 25 ಕೆ.ಜಿ.’ ಎಂಬುದಷ್ಟೇ. ಮಾರಿದವರು ಬಾಯ್ಲರ್ ಶುದ್ಧಿಗೂ ಇದೇ ಸರಕನ್ನು ಒದಗಿಸುವ ರಾಸಾಯನಿಕ ವ್ಯಾಪಾರಿ. ಆಹಾರ ದರ್ಜೆಗೂ ಕೈಗಾರಿಕಾ ದರ್ಜೆಗೂ ಇರುವ ಅಂತರ ಸೀಸ, ಆರ್ಸೆನಿಕ್, ಆಕ್ಸಲೇಟ್ ಮೊದಲಾದ ಕಲ್ಮಶಗಳ ಮಿತಿಯಲ್ಲಿದೆ. ಕಣ್ಣಿಗೆ ಎರಡೂ ಬಿಳಿಯ ಹರಳೇ. ಜಿ.ಎಸ್.ಟಿ. ಬಿಲ್ಲಿನಲ್ಲಿ ಎರಡಕ್ಕೂ ಎಚ್.ಎಸ್.ಎನ್. ಸಂಖ್ಯೆ 29181400 ಒಂದೇ ಆದ್ದರಿಂದ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಆ ಬಿಲ್ಲು ನಿರ್ದೋಷ. ಆಹಾರ ಕಾಯ್ದೆಯ ದೃಷ್ಟಿಯಲ್ಲಿ ಅದು ಏನನ್ನೂ ಹೇಳುವುದಿಲ್ಲ. 26(4)ನೇ ಕಲಮಿನ ಪ್ರಕಾರ ಆಹಾರ ಉದ್ದಿಮೆದಾರನು ಕೊಟ್ಟ ಬಿಲ್ಲೇ ಸರಕಿನ ಸ್ವರೂಪ ಹಾಗೂ ಗುಣಮಟ್ಟಕ್ಕೆ ಖಾತರಿಪತ್ರವೆಂದು ಪರಿಗಣಿತವಾಗುತ್ತದೆ. ಬಿಲ್ಲಿನಲ್ಲಿ ಆಹಾರ ದರ್ಜೆ ಎಂಬ ಮಾತು, ಬ್ಯಾಚ್ ಸಂಖ್ಯೆ, ಮಾರಾಟಗಾರರ 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಅಂತಹ ಖಾತರಿಯಿಂದ ನಮಗೆ ದಕ್ಕುವುದೇನು? ಪರವಾನಗಿ ಸಂಖ್ಯೆಯ ನಮೂದಂತೂ 2022ರ ಜನವರಿಯಿಂದಲೇ ಕಡ್ಡಾಯ. ತಯಾರಕರ ವಿಶ್ಲೇಷಣಾ ಪ್ರಮಾಣಪತ್ರವನ್ನೂ ಕೇಳಿ ಪಡೆದು ಅದೇ ಬಿಲ್ಲಿಗೆ ಲಗತ್ತಿಸಿಡಬೇಕು. ಮುಂದೊಂದು ದಿನ ‘ಯುಕ್ತ ಎಚ್ಚರಿಕೆ ವಹಿಸಿದ್ದೆ’ ಎಂದು 80ನೇ ಕಲಮಿನಡಿ ವಾದಿಸಬೇಕಾದಾಗ ತೋರಿಸಲು ಕೈಯಲ್ಲಿ ಇವು ಇರಬೇಕಲ್ಲವೆ?

ಬಿಲ್ಲಿನಲ್ಲಿ ನೋಡಬೇಕಾದ ಇನ್ನೊಂದು ಪದವಿದೆ: ‘ಮಾನೋಹೈಡ್ರೇಟ್’ ಅಥವಾ ‘ಅನ್‌ಹೈಡ್ರಸ್’. ಮೊದಲನೆಯದರಲ್ಲಿ ತೂಕದ ಸುಮಾರು 8.6 ಶೇಕಡ ನೀರು. 25 ಕೆ.ಜಿ. ಚೀಲದಲ್ಲಿ ಎರಡು ಕಿಲೋಗೂ ಮಿಕ್ಕಿ ನೀರಿಗೆ ಹಣ ತೆತ್ತಂತಾಯಿತು. ಕಿಲೋ ದರದಲ್ಲಿ ಅಗ್ಗವೆಂದು ಕೊಳ್ಳುವವರು ಈ ಲೆಕ್ಕ ಹಾಕುವುದಿಲ್ಲ. ನಷ್ಟ ಹಣದ್ದಷ್ಟೇ ಅಲ್ಲ. ಅನ್‌ಹೈಡ್ರಸ್‌ಗಾಗಿ ಬರೆದ ಪಾಕವಿಧಾನಕ್ಕೆ ಅದೇ ತೂಕದ ಮಾನೋಹೈಡ್ರೇಟ್ ಹಾಕಿದರೆ ಹುಳಿ ಕಡಿಮೆಯಾಗುತ್ತದೆ. ಗಾಳಿಯಾಡದಂತೆ ಮುಚ್ಚಿ ಮಾರುವ ತರಕಾರಿ, ಟೊಮೆಟೊ ಪದಾರ್ಥಗಳಲ್ಲಿ ಪಿ.ಎಚ್. 4.6ಕ್ಕಿಂತ ಕೆಳಗಿರುವುದು ಬಾಟುಲಿಸಂ ರೋಗಾಣು ಬೆಳೆಯದಂತೆ ತಡೆಯುವ ಗೆರೆ. ಈ ಆಮ್ಲದ ವಿಷಯದಲ್ಲಿ ಜೀವಕ್ಕೆ ಕುತ್ತು ಬರುವುದಾದರೆ ಅದು ಹೆಚ್ಚು ಹಾಕಿದ್ದರಿಂದಲ್ಲ, ಕಡಿಮೆ ಹಾಕಿದ್ದರಿಂದ. ಪ್ರತಿ ಬ್ಯಾಚಿನ ಪಿ.ಎಚ್. ಅಳೆದು ಪುಸ್ತಕದಲ್ಲಿ ಬರೆದಿಡುವ ಘಟಕಗಳು ನನ್ನ ಅನುಭವದಲ್ಲಿ ಬಹಳ ಕಡಿಮೆ.

ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಅಂಕಿತ ಅಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ಅವರು ಒಪ್ಪಿದರೆ ಮಾದರಿಯ ಇನ್ನೊಂದು ಭಾಗ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ನನ್ನ ಕಕ್ಷಿದಾರರು ಆ ಕಾಗದವನ್ನು ನನಗೆ ತೋರಿಸಿದ್ದು ನಲವತ್ತೆರಡನೆಯ ದಿನ.

ಅವರು ಈಗ ಲೇಬಲ್ ತಿದ್ದಿಸಿದ್ದಾರೆ. ಬಿಲ್ಲಿನಲ್ಲಿ ‘ಆಹಾರ ದರ್ಜೆ’ ಎಂದು ಬರೆದುಕೊಡಿ ಎಂದು ಹಳೆಯ ವ್ಯಾಪಾರಿಯನ್ನು ಕೇಳಿದಾಗ, “ಮಾಲು ಅದೇ ಸಾರ್, ಬರೆಯೋದು ಮಾತ್ರ ಬೇಡ” ಎಂಬ ಉತ್ತರ ಬಂದಿತಂತೆ. ಮರುವಾರವೇ ಅವರು ಬೇರೆ ಕಡೆ ಖರೀದಿ ಆರಂಭಿಸಿದರು.