ಲೇಲಾ ಜಾನಾ: ಜೈಲಿನ ಬಾಗಿಲಲ್ಲಿ ಕಲಿತ ರಾಜಕಾರಣ

ದಿಯಾರ್‌ಬಕಿರ್ ಊರಿನ 5ನೇ ನಂಬರಿನ ಮಿಲಿಟರಿ ಜೈಲಿನಲ್ಲಿ 1980ರ ದಶಕದ ಆರಂಭದಲ್ಲಿ ಒಂದು ಕಟ್ಟಪ್ಪಣೆಯಿತ್ತು. ಕೈದಿಗಳನ್ನು ನೋಡಲು ಬಂದವರು ಟರ್ಕಿಶ್ ಭಾಷೆಯಲ್ಲೇ ಮಾತಾಡಬೇಕು. ಹಳ್ಳಿಗಳಿಂದ ಬರುತ್ತಿದ್ದ ಕುರ್ದಿಶ್ ತಾಯಂದಿರಿಗೆ ಟರ್ಕಿಶ್ ಎಲ್ಲಿಂದ ಬರಬೇಕು? ಕೊಟ್ಟ ಕೆಲವೇ ನಿಮಿಷ ಮಗನ ಮುಖ ನೋಡಿಕೊಂಡು ನಿಂತು, ಬಾಯಿ ಬಿಡದೆ ಹಿಂದಿರುಗುತ್ತಿದ್ದರು. ಒಳಗೆ ಚಿತ್ರಹಿಂಸೆ, ಉಪವಾಸ ಸತ್ಯಾಗ್ರಹ, ಆತ್ಮಾಹುತಿ. 1981ರಿಂದ 84ರ ನಡುವೆ ಮೂವತ್ತಕ್ಕೂ ಹೆಚ್ಚು ಕೈದಿಗಳು ಅಲ್ಲಿ ಸತ್ತರು. ಆ ಜೈಲಿನ ಹೊರಗೆ ಕಾಯುತ್ತಿದ್ದವರಲ್ಲಿ ಲೇಲಾ ಜಾನಾ ಒಬ್ಬರು. ಆಗ ಅವರಿಗೂ ಟರ್ಕಿಶ್ ಅಷ್ಟಾಗಿ ಬರುತ್ತಿರಲಿಲ್ಲ.

ಕುರ್ದರದು ಟರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದ ಬದುಕು. ಅವರಲ್ಲಿ ದೊಡ್ಡ ಪಾಲು ಟರ್ಕಿಯದು. ಅಲ್ಲಿನ ಗಣರಾಜ್ಯ 1923ರಲ್ಲಿ ಹುಟ್ಟಿದಾಗಿನಿಂದಲೂ ಒಂದೇ ನಾಡು, ಒಂದೇ ನುಡಿ ಎಂಬ ಹಟ ಹಿಡಿಯಿತು. 1983ರ ಕಾನೂನೊಂದಂತೂ ಕುರ್ದಿಶ್ ಭಾಷೆಯ ಹೆಸರೆತ್ತದೆಯೇ ಅದನ್ನು ನಿಷೇಧಿಸಿತು. ಅದು ರದ್ದಾದದ್ದು 1991ರಲ್ಲಿ.

ಲೇಲಾ ಹುಟ್ಟಿದ್ದು 1961ರಲ್ಲಿ, ದಿಯಾರ್‌ಬಕಿರ್ ಪ್ರಾಂತ್ಯದ ಸಿಲ್ವಾನ್ ಬಳಿಯ ಹಳ್ಳಿಯಲ್ಲಿ. ಹದಿನಾಲ್ಕಕ್ಕೇ ಮದುವೆ. ಗಂಡ ಮೆಹ್ದಿ ಜಾನಾ ಸಂಬಂಧಿಕರೇ. ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಹಿರಿಯರು. 1977ರಲ್ಲಿ ಮೆಹ್ದಿ ದಿಯಾರ್‌ಬಕಿರ್‌ನ ಮೇಯರ್ ಆದರು. 1980ರ ಸೆಪ್ಟೆಂಬರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಮೇಯರ್ ಜೈಲು ಸೇರಿದರು. ಲೇಲಾಗೆ ಉಳಿದದ್ದು ಚಿಕ್ಕ ಮಗ, ಹೊಟ್ಟೆಯಲ್ಲೊಂದು ಕೂಸು. ಮುಂದಿನ ಹತ್ತು ವರ್ಷ ಗಂಡನನ್ನು ಯಾವ ಯಾವ ಜೈಲಿಗೆ ಸಾಗಿಸಿದರೋ ಅಲ್ಲೆಲ್ಲ ಹಿಂದೆ ಹೋದರು. ನಡುವೆ ಟರ್ಕಿಶ್ ಕಲಿತರು, ಶಾಲೆಯ ಮೆಟ್ಟಿಲು ಹತ್ತದೆ ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಪ್ರೌಢಶಿಕ್ಷಣ ಮುಗಿಸಿದರು. 1988ರಲ್ಲಿ ಜೈಲಿನ ಮುಂದೆ ಕೈದಿಗಳ ಮನೆಯವರ ಗಲಾಟೆಯಾದಾಗ ಪೊಲೀಸರು ಅವರನ್ನೂ ಹಿಡಿದೊಯ್ದರು. ‘ಮೇಯರ್ ಹೆಂಡತಿ’ ಎನ್ನಿಸಿಕೊಂಡಿದ್ದವರು ಸ್ವಂತ ಹೆಸರಿನಿಂದ ಗುರುತಾದದ್ದು ಅಲ್ಲಿಂದಾಚೆ. ಅವರಿಗೆ ರಾಜಕಾರಣ ಕಲಿಸಿದ್ದು ಪಕ್ಷವೋ ಗಂಡನೋ ಎಂದು ಕೇಳಿದರೆ, ಜೈಲಿನ ಮುಂದಿನ ಆ ಸಾಲು ಎನ್ನುತ್ತೇನೆ.

1991ರ ಅಕ್ಟೋಬರಿನಲ್ಲಿ ದಿಯಾರ್‌ಬಕಿರ್‌ನಿಂದ ಸಂಸತ್ತಿಗೆ ಗೆದ್ದರು. ಟರ್ಕಿಯ ಸಂಸತ್ತು ಹೊಕ್ಕ ಮೊದಲ ಕುರ್ದಿಶ್ ಮಹಿಳೆ, ವಯಸ್ಸು ಮೂವತ್ತು. ನವೆಂಬರ್ 6ರಂದು ಪ್ರಮಾಣವಚನಕ್ಕೆ ನಿಂತಾಗ ತಲೆಗೆ ಹಳದಿ, ಹಸಿರು, ಕೆಂಪು ಬಣ್ಣದ ಪಟ್ಟಿ ಕಟ್ಟಿದ್ದರು. ಅವು ಕುರ್ದರ ಬಣ್ಣಗಳು. ಸಂವಿಧಾನ ಬರೆದುಕೊಟ್ಟಿದ್ದನ್ನು ಟರ್ಕಿಶ್‌ನಲ್ಲಿ ಓದಿ ಮುಗಿಸಿ, ಕೊನೆಗೆ ಕುರ್ದಿಶ್‌ನಲ್ಲಿ ಒಂದೇ ವಾಕ್ಯ ಸೇರಿಸಿದರು: ಟರ್ಕಿಶ್ ಮತ್ತು ಕುರ್ದಿಶ್ ಜನರ ಸೋದರತ್ವಕ್ಕಾಗಿ ಈ ಪ್ರಮಾಣ ಮಾಡಿದ್ದೇನೆ ಎಂದು. ಸದಸ್ಯರು ಮೇಜು ಗುದ್ದಿದರು, ಬೈದರು, ಬಂಧಿಸಿ ಎಂದು ಕೂಗಿದರು.

ಈ ಒಂದು ವಾಕ್ಯಕ್ಕೆ ಹದಿನೈದು ವರ್ಷ ಶಿಕ್ಷೆಯಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಡೆದದ್ದು ಇದಕ್ಕಿಂತ ಸುತ್ತುಬಳಸಿನದು, ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟದ್ದು. ಸಂಸದರಿಗಿದ್ದ ಕಾನೂನು ರಕ್ಷಣೆ ಅವರನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಿತು. 1994ರ ಮಾರ್ಚಿನಲ್ಲಿ ಸಂಸತ್ತೇ ಅದನ್ನು ಕಿತ್ತುಹಾಕಿತು. ಸರ್ಕಾರಕ್ಕೂ ಪಿಕೆಕೆ ಎಂಬ ಕುರ್ದಿಶ್ ಸಶಸ್ತ್ರ ಸಂಘಟನೆಗೂ ಕಾಳಗ ಕಾವೇರಿದ್ದ ಕಾಲ ಅದು. ಲೇಲಾ, ಹತಿಪ್ ದಿಜ್ಲೆ, ಓರ್ಹಾನ್ ದೋಆನ್, ಸೆಲಿಮ್ ಸಾದಾಕ್ ಅವರ ಮೇಲೆ ದೇಶ ಒಡೆಯುವ ಆರೋಪ ಹೊರಿಸಿದರು, ಅದಕ್ಕೆ ಮರಣದಂಡನೆಯಿತ್ತು. ವಿಚಾರಣೆಯ ಕೊನೆಯ ದಿನ ನ್ಯಾಯಾಲಯ ಆರೋಪವನ್ನೇ ಬದಲಿಸಿ, ಸಶಸ್ತ್ರ ಸಂಘಟನೆಯ ಸದಸ್ಯತ್ವ ಎಂದಿತು. ಹೊಸ ಆರೋಪಕ್ಕೆ ಉತ್ತರ ಸಿದ್ಧಪಡಿಸಲು ವಕೀಲರಿಗೆ ಸಮಯವೇ ಸಿಗಲಿಲ್ಲ. 1994ರ ಡಿಸೆಂಬರ್ 8ರಂದು ನಾಲ್ವರಿಗೂ ತಲಾ ಹದಿನೈದು ವರ್ಷ. ಪಿಕೆಕೆಯ ಸದಸ್ಯೆ ಎಂಬುದನ್ನು ಲೇಲಾ ಒಪ್ಪಲೇ ಇಲ್ಲ.

ಅಂಕಾರಾದ ಉಲುಜಾನ್ಲಾರ್ ಜೈಲು ಅವರ ಮನೆಯಾಯಿತು. ಯುರೋಪಿಯನ್ ಪಾರ್ಲಿಮೆಂಟು 1995ರಲ್ಲಿ ಅವರಿಗೆ ತನ್ನ ಮಾನವ ಹಕ್ಕುಗಳ ಸಖರೋವ್ ಪ್ರಶಸ್ತಿ ಘೋಷಿಸಿದಾಗಲೂ ಒಳಗೇ ಇದ್ದರು. ಒಳಗಿನಿಂದ ಬರೆದದ್ದಕ್ಕೆ 1998ರಲ್ಲಿ ಶಿಕ್ಷೆ ಇನ್ನೂ ಬೆಳೆಯಿತು. ಅದಕ್ಕೆ ಒಂದು ವರ್ಷ ಮುಂಚೆ, ಆರೋಗ್ಯ ಕೆಟ್ಟಿದೆಯೆಂದು ಬಿಡುಗಡೆ ಮಾಡಲು ಸರ್ಕಾರ ಮುಂದೆ ಬಂದಿತ್ತು. ಜೊತೆಯವರನ್ನು ಒಳಗೇ ಬಿಟ್ಟು ಒಬ್ಬಳೇ ಹೊರಬರಲಾರೆ ಎಂದು ಲೇಲಾ ಒಲ್ಲೆನೆಂದರು. ಪ್ರಶಸ್ತಿಗಳಿಗಿಂತ ಈ ಒಲ್ಲೆ ನನಗೆ ದೊಡ್ಡದಾಗಿ ಕಾಣುತ್ತದೆ. ಹೊರಗೆ ಬೆಳೆಯುತ್ತಿದ್ದ ಇಬ್ಬರು ಮಕ್ಕಳು ಮೊದಲು ಅಪ್ಪನನ್ನು, ಆಮೇಲೆ ಅಮ್ಮನನ್ನು ಜೈಲಿನಲ್ಲೇ ನೋಡಿದವರು.

2001ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ವಿಚಾರಣೆಯೇ ನ್ಯಾಯಸಮ್ಮತವಲ್ಲ ಎಂದಿತು: ಪೀಠದಲ್ಲಿ ಸೇನೆಯ ನ್ಯಾಯಾಧೀಶರಿದ್ದರು, ಆರೋಪ ಕೊನೆಗಳಿಗೆಯಲ್ಲಿ ಬದಲಾಯಿತು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಬಿಡಲಿಲ್ಲ. ಯುರೋಪಿಯನ್ ಒಕ್ಕೂಟ ಸೇರುವ ಆಸೆಯಿದ್ದ ಟರ್ಕಿ ಮರುವಿಚಾರಣೆ ನಡೆಸಿತು. 2004ರ ಏಪ್ರಿಲಿನಲ್ಲಿ ಅದೇ ತೀರ್ಪು ಮತ್ತೆ ಬಂತು! ಎರಡು ತಿಂಗಳೊಳಗೆ ಮೇಲಿನ ನ್ಯಾಯಾಲಯ ನಾಲ್ವರನ್ನೂ ಬಿಡಿಸಿತು. ಹೊರಬಂದ ಜೂನ್ 9ರಂದೇ ಟರ್ಕಿಯ ಸರ್ಕಾರಿ ಟಿವಿ ಮೊದಲ ಸಲ ಕುರ್ದಿಶ್‌ನಲ್ಲಿ ಕಾರ್ಯಕ್ರಮ ಬಿತ್ತರಿಸಿತು. ಸಖರೋವ್ ಪ್ರಶಸ್ತಿಯ ಭಾಷಣಕ್ಕೆ ಲೇಲಾ ಬ್ರಸೆಲ್ಸ್‌ಗೆ ಹೋದದ್ದು ಆ ಅಕ್ಟೋಬರಿನಲ್ಲಿ, ಒಂಬತ್ತು ವರ್ಷ ತಡವಾಗಿ.

2011ರಲ್ಲಿ ಅವರು ಮತ್ತೆ ಸಂಸತ್ತಿಗೆ ಬಂದರು, 2015ರಲ್ಲೂ ಗೆದ್ದರು. ಆ ವರ್ಷದ ನವೆಂಬರಿನ ಪ್ರಮಾಣವಚನದಲ್ಲಿ ‘ಟರ್ಕಿಶ್ ಜನಾಂಗ’ ಎಂದು ಓದಬೇಕಿದ್ದಲ್ಲಿ ‘ಟರ್ಕಿಯ ಜನಾಂಗ’ ಎಂದರು. ಸಭಾಧ್ಯಕ್ಷರು ಮತ್ತೆ ಓದಲು ಕರೆದರೂ ತಿರುಗಿ ಬರಲಿಲ್ಲ. 2018ರ ಜನವರಿಯಲ್ಲಿ ಸಂಸತ್ತು ಅವರ ಸದಸ್ಯತ್ವ ರದ್ದು ಮಾಡಿತು.